ವಿಶ್ವ ಸಂಸ್ಕೃತಿಗಳ ವಸ್ತುಸಂಗ್ರಹಾಲಯವನ್ನು ನೋಡುವುದು ಹೇಗೆ?

2024ರ ಜನವರಿ ಕೊನೆಯಲ್ಲಿ ನ್ಯೂಯಾರ್ಕ್‌ನ ಅಮೆರಿಕನ್ ಮ್ಯೂಸಿಯಂ ಆಫ್ ನ್ಯಾಚುರಲ್ ಹಿಸ್ಟರಿ ತನ್ನ ಎರಡು ದೊಡ್ಡ ಪ್ರದರ್ಶನಾಂಗಣಗಳ ಬಾಗಿಲು ಮುಚ್ಚಿತು. ಉತ್ತರ ಅಮೆರಿಕದ ಪೂರ್ವದ ಕಾಡುಪ್ರದೇಶಗಳಲ್ಲೂ ಮಧ್ಯದ ಬಯಲುಸೀಮೆಯಲ್ಲೂ ಬಾಳುತ್ತ ಬಂದ ಮೂಲನಿವಾಸಿಗಳ ವಸ್ತುಗಳು ಅಲ್ಲಿ ದಶಕಗಳಿಂದ ಪ್ರದರ್ಶನದಲ್ಲಿದ್ದವು. ಕಟ್ಟಡಕ್ಕೆ ಏನೂ ಆಗಿರಲಿಲ್ಲ, ಏನೂ ಕಳುವಾಗಿರಲಿಲ್ಲ. ಸಮಾಧಿಗೆ ಸಂಬಂಧಿಸಿದ ಹಾಗೂ ಪವಿತ್ರವೆನಿಸಿದ ವಸ್ತುಗಳನ್ನು ಆಯಾ ಸಮುದಾಯದ ಒಪ್ಪಿಗೆ ಪಡೆಯದೆ ಪ್ರದರ್ಶಿಸಕೂಡದು ಎಂಬ ಪರಿಷ್ಕೃತ ನಿಯಮ ಅದೇ ತಿಂಗಳ 12ರಂದು ಅಮೆರಿಕದಲ್ಲಿ ಜಾರಿಗೆ ಬಂದಿತ್ತು. ಶಿಕಾಗೋದ ಫೀಲ್ಡ್ ಮ್ಯೂಸಿಯಂ ಕೂಡ ತನ್ನ ಕೆಲವು ಪ್ರದರ್ಶನ ಪೆಟ್ಟಿಗೆಗಳಿಗೆ ಮುಸುಕು ಹಾಕಿತು.

ಪ್ರವಾಸ, ಓದು ಅಥವಾ ಉದ್ಯೋಗದ ನಿಮಿತ್ತ ಇಂಥ ಸಂಗ್ರಹಾಲಯಗಳಿಗೆ ಹೋಗುವವರಿಗೆ ಈಗ ಹಳೆಯ ಪ್ರವಾಸ ಕೈಪಿಡಿಗಳು ಹೇಳದ ಸಂಗತಿಗಳು ಎದುರಾಗುತ್ತವೆ: ಖಾಲಿ ಬಿಟ್ಟ ಪೀಠ, ಛಾಯಾಚಿತ್ರ ತೆಗೆಯಬೇಡಿ ಎಂಬ ಕೋರಿಕೆ, ‘1897ರಲ್ಲಿ ಲೂಟಿಯಾದದ್ದು’ ಎಂದು ನೇರವಾಗಿ ಒಪ್ಪಿಕೊಳ್ಳುವ ಫಲಕ. ಇವುಗಳ ಹಿನ್ನೆಲೆ ತಿಳಿಯದಿದ್ದರೆ ಮುಖವಾಡಗಳೂ ಕಂಬಗಳೂ ಈಟಿಗಳೂ ಒಂದರ ಹಿಂದೊಂದು ಸರಿದುಹೋಗುತ್ತವೆ. ಹೊರಗೆ ಬಂದ ಮೇಲೆ ಯಾವುದು ಯಾರದೆಂಬುದೇ ನೆನಪಿರುವುದಿಲ್ಲ.

ಇದು ಯಾವ ಬಗೆಯ ಸಂಗ್ರಹಾಲಯ?

ಆಫ್ರಿಕಾ, ಏಷ್ಯಾ, ಅಮೆರಿಕ ಖಂಡಗಳು ಮತ್ತು ಪೆಸಿಫಿಕ್ ದ್ವೀಪಗಳ ಜನರು ಮಾಡಿದ, ಉಟ್ಟುತೊಟ್ಟ, ಪೂಜಿಸಿದ ವಸ್ತುಗಳನ್ನು ಒಂದೇ ಸೂರಿನಡಿ ಕೂಡಿಟ್ಟ ಸಂಸ್ಥೆಯನ್ನು ವಿಶ್ವ ಸಂಸ್ಕೃತಿಗಳ ವಸ್ತುಸಂಗ್ರಹಾಲಯ ಎನ್ನಬಹುದು. ಪ್ಯಾರಿಸ್‌ನಲ್ಲಿ 2006ರಲ್ಲಿ ತೆರೆದ ಕೇ ಬ್ರಾನ್ಲಿ, ವಿಯೆನ್ನಾದ ವೆಲ್ಟ್‌ಮ್ಯೂಸಿಯಂ, ಬರ್ಲಿನ್‌ನ ಹಂಬೋಲ್ಟ್ ಫೋರಂನಲ್ಲಿರುವ ಜನಾಂಗಶಾಸ್ತ್ರ ಸಂಗ್ರಹಾಲಯ, ಆಕ್ಸ್‌ಫರ್ಡ್‌ನ ಪಿಟ್ ರಿವರ್ಸ್, ವ್ಯಾಂಕೂವರ್‌ನ ಮ್ಯೂಸಿಯಂ ಆಫ್ ಆಂತ್ರಪಾಲಜಿ ಇವೆಲ್ಲ ಈ ಗುಂಪಿಗೆ ಸೇರುತ್ತವೆ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನ ವ್ಯಾಪ್ತಿ ಇದಕ್ಕಿಂತ ದೊಡ್ಡದಾದರೂ ಅದರ ಆಫ್ರಿಕಾ, ಓಷಿಯಾನಿಯಾ ಮತ್ತು ಅಮೆರಿಕ ವಿಭಾಗಗಳ ಕಥೆ ಇದೇ ಬಗೆಯದು.

ಯುರೋಪಿನ ಈ ಸಂಗ್ರಹಗಳಲ್ಲಿ ಬಹುಪಾಲು ಬೆಳೆದದ್ದು 19ನೆಯ ಶತಮಾನದಲ್ಲಿ, ವಸಾಹತುಗಳು ವಿಸ್ತರಿಸುತ್ತಿದ್ದ ಹೊತ್ತಿನಲ್ಲಿ. ಆಗ ಯುರೋಪಿನ ವರ್ಣಚಿತ್ರ, ಶಿಲ್ಪಗಳಿಗೆ ಕಲಾಸಂಗ್ರಹಾಲಯ, ಉಳಿದವರ ವಸ್ತುಗಳಿಗೆ ಜನಾಂಗಶಾಸ್ತ್ರದ ಇಲ್ಲವೇ ನಿಸರ್ಗ ಇತಿಹಾಸದ ಸಂಗ್ರಹಾಲಯ ಎಂಬ ವಿಂಗಡಣೆ ನೆಲೆಗೊಂಡಿತು. ಡೈನೋಸಾರ್ ಎಲುಬುಗಳಿರುವ ಕಟ್ಟಡದಲ್ಲೇ ಮನುಷ್ಯರ ಮುಖವಾಡಗಳೂ ಏಕಿವೆ ಎಂದು ನ್ಯೂಯಾರ್ಕ್‌ನಲ್ಲಿ ಅಚ್ಚರಿಪಡುವವರಿಗೆ ಉತ್ತರ ಈ ವಿಂಗಡಣೆಯಲ್ಲಿದೆ. 1884ರಲ್ಲಿ ಸ್ಥಾಪನೆಯಾದ ಪಿಟ್ ರಿವರ್ಸ್ ಸಂಗ್ರಹಾಲಯದಲ್ಲಿ ವಸ್ತುಗಳನ್ನು ದೇಶದ ಪ್ರಕಾರ ಜೋಡಿಸಿಲ್ಲ, ಬಗೆಯ ಪ್ರಕಾರ ಜೋಡಿಸಲಾಗಿದೆ. ಒಂದು ಪೆಟ್ಟಿಗೆಯಲ್ಲಿ ಲೋಕದ ನಾನಾ ಕಡೆಯ ದೀಪಗಳು, ಇನ್ನೊಂದರಲ್ಲಿ ಕೊಳಲುಗಳು. ಉಪಕರಣಗಳು ಸರಳತೆಯಿಂದ ಸಂಕೀರ್ಣತೆಯತ್ತ ಹಂತಹಂತವಾಗಿ ಬೆಳೆಯುತ್ತವೆಂದೂ ಆ ಏಣಿಯಲ್ಲಿ ಕೆಲವು ಜನರು ಇನ್ನೂ ಕೆಳಗಿನ ಮೆಟ್ಟಿಲಲ್ಲಿದ್ದಾರೆಂದೂ ನಂಬಿದ್ದ ಕಾಲದ ಜೋಡಣೆ ಅದು. ಆ ಸಿದ್ಧಾಂತವನ್ನು ವಿದ್ವಾಂಸರು ಬಹಳ ಹಿಂದೆಯೇ ಕೈಬಿಟ್ಟಿದ್ದಾರೆ, ಆದರೆ ಜೋಡಣೆ ಮಾತ್ರ ಉಳಿದಿದೆ. ನೋಡುಗರಿಗೆ ಅದು ಮೋಹಕವಾಗಿ ಕಾಣುತ್ತದೆ ಎಂಬುದನ್ನೂ ಅಲ್ಲಗಳೆಯುವಂತಿಲ್ಲ.

ಮೂಲನಿವಾಸಿಗಳು ಎಂದರೆ ಯಾರು?

ವಿಶ್ವಸಂಸ್ಥೆ ಇದಕ್ಕೆ ಒಂದೇ ಬಿಗಿಯಾದ ವ್ಯಾಖ್ಯೆಯನ್ನು ಕೊಟ್ಟಿಲ್ಲ. ಹೊರಗಿನವರು ಬಂದು ನೆಲೆಸುವ ಅಥವಾ ಆಳುವ ಮೊದಲೇ ಒಂದು ಪ್ರದೇಶದಲ್ಲಿದ್ದವರ ಪೀಳಿಗೆಯವರಾಗಿ, ಆ ನೆಲದೊಂದಿಗೆ ವಿಶೇಷ ನಂಟನ್ನೂ ತಮ್ಮದೇ ಭಾಷೆ ಮತ್ತು ಸಂಸ್ಥೆಗಳನ್ನೂ ಉಳಿಸಿಕೊಂಡು, ತಮ್ಮನ್ನು ತಾವೇ ಹಾಗೆ ಗುರುತಿಸಿಕೊಳ್ಳುವ ಸಮುದಾಯಗಳು ಎಂಬ ತಿಳಿವಳಿಕೆ ಬಳಕೆಯಲ್ಲಿದೆ. ವಿಶ್ವಸಂಸ್ಥೆಯ ಅಂದಾಜಿನಂತೆ ಸುಮಾರು 90 ದೇಶಗಳಲ್ಲಿ ಇಂಥ 47.6 ಕೋಟಿ ಜನರಿದ್ದಾರೆ. ನ್ಯೂಜಿಲೆಂಡಿನ ಮಾವೊರಿಗಳು, ಉತ್ತರ ಯುರೋಪಿನ ಸಾಮಿಗಳು, ಆಸ್ಟ್ರೇಲಿಯಾದ ಅಬೊರಿಜಿನಲ್ ಮತ್ತು ಟೊರೆಸ್ ಜಲಸಂಧಿ ದ್ವೀಪವಾಸಿಗಳು, ಕೆನಡಾದ ಹೈಡಾ, ನಿಸ್ಗಾ, ಕ್ವಾಕ್ವಾಕಾವಕ್ಕ್ ಜನರು ಇವರಲ್ಲಿ ಕೆಲವರು. ಇವರೆಲ್ಲ ಇಂದು ಬದುಕಿರುವ ಸಮುದಾಯಗಳೆಂಬುದನ್ನು ಸಂಗ್ರಹಾಲಯದ ಮಬ್ಬುಬೆಳಕು ಸುಲಭವಾಗಿ ಮರೆಸಿಬಿಡುತ್ತದೆ. ‘ಈ ಜನರು ಹೀಗೆ ಬದುಕುತ್ತಿದ್ದರು’ ಎಂಬ ಭೂತಕಾಲದ ಒಕ್ಕಣೆ ಹಳೆಯ ಫಲಕಗಳಲ್ಲಿ ಧಾರಾಳವಾಗಿತ್ತು. ಆ ಜನರ ಮೊಮ್ಮಕ್ಕಳು ಅದನ್ನು ಓದಲು ಬಂದಾರೆಂದು ಅದನ್ನು ಬರೆದವರು ಎಣಿಸಿರಲಿಲ್ಲ.

ಆಫ್ರಿಕಾದ ರಾಜಮನೆತನಗಳ ಕಲೆಯನ್ನೂ ಮೂಲನಿವಾಸಿಗಳ ಕಲೆಯನ್ನೂ ಈ ಕಟ್ಟಡಗಳು ಅಕ್ಕಪಕ್ಕದಲ್ಲಿ ಇಡುತ್ತವೆ. ಎರಡೂ ಒಂದೇ ಅಲ್ಲ. ಅವು ಇಲ್ಲಿಗೆ ಬಂದ ದಾರಿಗಳು ಮಾತ್ರ ಹಲವೆಡೆ ಒಂದನ್ನೊಂದು ಹೋಲುತ್ತವೆ.

ವಸ್ತುಗಳು ಬಂದ ದಾರಿಗಳು

ಒಂದು ವಸ್ತು ತಯಾರಾದಂದಿನಿಂದ ಇಂದಿನವರೆಗೆ ಯಾರ ಕೈಯಿಂದ ಯಾರ ಕೈಗೆ, ಯಾವ ಕಾರಣಕ್ಕೆ ಹೋಯಿತೆಂಬ ದಾಖಲೆಯನ್ನು ಸಂಗ್ರಹಾಲಯದವರು ಪ್ರೊವೆನೆನ್ಸ್ ಎನ್ನುತ್ತಾರೆ. ಜಮೀನು ಕೊಳ್ಳುವವರು ಹಿಂದಿನ ಮಾಲೀಕರ ಕಾಗದಪತ್ರಗಳನ್ನು ಸರಪಳಿಯಂತೆ ಹಿಂದಕ್ಕೆ ಹಿಂದಕ್ಕೆ ಪರಿಶೀಲಿಸುತ್ತ ಹೋಗುವುದಿಲ್ಲವೇ, ಇದೂ ಹಾಗೆಯೇ. ಎಲ್ಲೋ ಒಂದು ಕೊಂಡಿ ಕಾಣೆಯಾಗಿದ್ದರೆ ಅಥವಾ ಅಲ್ಲಿ ಬಲಪ್ರಯೋಗ ನಡೆದಿದ್ದರೆ, ಈಗಿನ ಒಡೆಯನ ಹಕ್ಕು ಎಷ್ಟು ಗಟ್ಟಿ ಎಂಬ ಪ್ರಶ್ನೆ ಏಳುತ್ತದೆ.

ಹೆಚ್ಚು ಚರ್ಚೆಯಾಗಿರುವ ಉದಾಹರಣೆ ಬೆನಿನ್ ಕಂಚುಗಳದ್ದು. ಹೆಸರು ಕಂಚು ಎಂದಿದ್ದರೂ ಇವುಗಳಲ್ಲಿ ಬಹಳಷ್ಟು ಹಿತ್ತಾಳೆಯವು. ದಂತದ ಮತ್ತು ಮರದ ಕೆಲಸಗಳೂ ಜೊತೆಗಿವೆ. ಮೇಣದ ಅಚ್ಚು ಮಾಡಿ, ಅದರ ಸುತ್ತ ಮಣ್ಣು ಮೆತ್ತಿ, ಕಾಯಿಸಿ ಮೇಣ ಕರಗಿಸಿ, ಆ ಪೊಳ್ಳಿನೊಳಗೆ ಲೋಹ ಎರೆಯುವ ವಿಧಾನದಲ್ಲಿ ಇವನ್ನು ತಯಾರಿಸಲಾಗಿದೆ. ಇಂದಿನ ನೈಜೀರಿಯಾದ ಎಡೊ ರಾಜ್ಯದಲ್ಲಿರುವ ಬೆನಿನ್ ನಗರದ ಅರಮನೆಯ ಕಂಬಗಳನ್ನು ಅಲಂಕರಿಸಿದ್ದ ಲೋಹದ ಫಲಕಗಳು ಒಬಾ ಎಂದು ಕರೆಯಲಾಗುವ ದೊರೆಗಳ ಆಸ್ಥಾನದ ಇತಿಹಾಸವನ್ನು ಹೇಳುತ್ತಿದ್ದವು. 1897ರ ಫೆಬ್ರವರಿಯಲ್ಲಿ ಬ್ರಿಟಿಷ್ ಸೇನೆ ಆ ನಗರವನ್ನು ವಶಪಡಿಸಿಕೊಂಡು, ಒಬಾ ಒವೊನ್‌ರಾಮ್ವೆನ್‌ನನ್ನು ಗಡೀಪಾರು ಮಾಡಿ, ಸಾವಿರಾರು ವಸ್ತುಗಳನ್ನು ಹೊತ್ತೊಯ್ದಿತು. ಅವು ಹರಾಜು, ಮಾರಾಟ, ದಾನಗಳ ಮೂಲಕ ಯುರೋಪು ಮತ್ತು ಅಮೆರಿಕಗಳಿಗೆ ಚದುರಿದವು. ಬ್ರಿಟಿಷ್ ಮ್ಯೂಸಿಯಂ ಒಂದರಲ್ಲೇ ಬೆನಿನ್‌ನ 900ಕ್ಕೂ ಹೆಚ್ಚು ವಸ್ತುಗಳಿವೆ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ: ಪಕ್ಕದಲ್ಲೇ ಬೆನಿನ್ ಗಣರಾಜ್ಯವೆಂಬ ಬೇರೆ ದೇಶವಿದೆ. ಅದು ಹಿಂದಿನ ದಹೋಮಿ. ಅಲ್ಲಿನ ಅಬೊಮಿ ಅರಮನೆಯಿಂದ 1892ರಲ್ಲಿ ಫ್ರೆಂಚ್ ಸೇನೆ ಕಿತ್ತುಕೊಂಡ ವಸ್ತುಗಳದು ಇನ್ನೊಂದು ಪ್ರಕರಣ. ಪತ್ರಿಕೆಗಳಲ್ಲಿ ಇವೆರಡೂ ಆಗಾಗ ಬೆರೆತುಹೋಗುತ್ತವೆ.

ಯುದ್ಧವಿಲ್ಲದೆ, ಕಾನೂನಿನ ಮೂಲಕವೇ ಕಸಿದುಕೊಂಡ ಉದಾಹರಣೆ ಕೆನಡಾದ್ದು. ಪೆಸಿಫಿಕ್ ಕರಾವಳಿಯ ಸಮುದಾಯಗಳಲ್ಲಿ ಪಾಟ್‌ಲ್ಯಾಚ್ ಎಂಬ ದೊಡ್ಡ ಸಮಾರಂಭ ನಡೆಯುತ್ತದೆ. ಹೆಸರಿಡುವುದು, ಮದುವೆ, ಉತ್ತರಾಧಿಕಾರ, ಸಾವು ಇಂಥವನ್ನು ಆಹ್ವಾನಿತರ ಮುಂದೆ ನಡೆಸಿ, ಅವರೆಲ್ಲರಿಗೂ ಉಡುಗೊರೆ ಹಂಚಲಾಗುತ್ತದೆ. ಉಡುಗೊರೆ ಪಡೆದವರು ಅಲ್ಲಿ ನಡೆದುದಕ್ಕೆ ಸಾಕ್ಷಿಗಳಾಗುತ್ತಾರೆ. ಲಿಖಿತ ದಾಖಲೆಯ ಬದಲು ಸಾಕ್ಷಿಗಳ ನೆನಪಿನ ಮೇಲೆ ನಿಂತ ಈ ನ್ಯಾಯವ್ಯವಸ್ಥೆ ಸರ್ಕಾರದ ಕಣ್ಣಿಗೆ ದುಂದುವೆಚ್ಚವಾಗಿ ಕಂಡಿತು. 1885ರಿಂದ 1951ರವರೆಗೆ ಅದು ಕೆನಡಾದಲ್ಲಿ ನಿಷಿದ್ಧವಾಗಿತ್ತು. 1921ರಲ್ಲಿ ಕ್ವಾಕ್ವಾಕಾವಕ್ಕ್ ಮುಖಂಡ ಡ್ಯಾನ್ ಕ್ರಾನ್ಮರ್ ನಡೆಸಿದ ಪಾಟ್‌ಲ್ಯಾಚ್‌ನಲ್ಲಿ ಭಾಗವಹಿಸಿದವರನ್ನು ಬಂಧಿಸಲಾಯಿತು. ಮುಖವಾಡಗಳನ್ನೂ ತಾಮ್ರದ ಲಾಂಛನಗಳನ್ನೂ ಒಪ್ಪಿಸಿದರೆ ಸೆರೆಮನೆ ತಪ್ಪುತ್ತದೆ ಎಂಬ ಷರತ್ತು ಒಡ್ಡಲಾಯಿತು. ಹಾಗೆ ಒಪ್ಪಿಸಿದ ವಸ್ತುಗಳು ಒಟ್ಟಾವ, ಟೊರಾಂಟೊ, ನ್ಯೂಯಾರ್ಕ್ ಸಂಗ್ರಹಗಳಿಗೆ ಹೋದವು. ಕಾಗದದ ಮೇಲೆ ಅದು ಸ್ವಇಚ್ಛೆಯ ಹಸ್ತಾಂತರವಾಗಿತ್ತು.

ಎಲ್ಲ ವಸ್ತುಗಳೂ ಕಸಿದು ತಂದವಲ್ಲ. ವ್ಯಾಪಾರದಲ್ಲಿ ಕೊಂಡವು, ಗೌರವದ ಕಾಣಿಕೆಯಾಗಿ ಬಂದವು, ಬಂದ ನಾವಿಕರಿಗೆ ಮಾರುವುದಕ್ಕೆಂದೇ ತಯಾರಾದವು ಬಹಳಷ್ಟಿವೆ. ಹೈಡಾ ಜನರು ಆರ್ಜಿಲೈಟ್ ಎಂಬ ಕಪ್ಪು ಕಲ್ಲಿನಲ್ಲಿ ಕೆತ್ತಿದ ಹೊಗೆ ಸೇದುವ ಚಿಲುಮೆಗಳು, ಕಿರುಕಂಬಗಳು 19ನೆಯ ಶತಮಾನದ ಹಡಗು ವ್ಯಾಪಾರಕ್ಕಾಗಿಯೇ ರೂಪುಗೊಂಡವು. ಇತ್ತೀಚಿನ ದಶಕಗಳಲ್ಲಿ ಸಂಗ್ರಹಾಲಯಗಳೇ ಕಲಾವಿದರಿಗೆ ಹಣ ಕೊಟ್ಟು ಹೊಸ ಕೃತಿಗಳನ್ನು ಮಾಡಿಸುವುದೂ ಇದೆ.

ಫಲಕದಲ್ಲಿ ಹುಡುಕಬೇಕಾದದ್ದು

ವಸ್ತುವಿನ ಪಕ್ಕದ ಪುಟ್ಟ ಫಲಕದಲ್ಲಿ ಸಾಮಾನ್ಯವಾಗಿ ಸಮುದಾಯದ ಹೆಸರು, ಸ್ಥಳ, ಕಾಲ, ಬಳಸಿದ ಸಾಮಗ್ರಿ ಮತ್ತು ಕೊನೆಯ ಸಾಲಿನಲ್ಲಿ ಸಣ್ಣಕ್ಷರದ ನೋಂದಣಿ ಸಂಖ್ಯೆ ಇರುತ್ತವೆ. ಆ ಸಂಖ್ಯೆಯ ಆರಂಭದ ಭಾಗ ಎಷ್ಟೋ ಸಂಗ್ರಹಾಲಯಗಳಲ್ಲಿ ವಸ್ತು ಒಳಬಂದ ವರ್ಷವನ್ನು ಸೂಚಿಸುತ್ತದೆ. ವಸ್ತು ತಯಾರಾದ ಕಾಲಕ್ಕಿಂತ ಅದು ಸಂಗ್ರಹಕ್ಕೆ ಬಂದ ವರ್ಷವೇ ಹಲವು ಸಲ ಹೆಚ್ಚು ಹೇಳುತ್ತದೆ. ಬೆನಿನ್‌ನ ವಸ್ತುವಿಗೆ 1898 ಎಂದಿದ್ದರೆ ಹಿಂದಿನ ವರ್ಷ ಏನಾಯಿತೆಂಬುದು ಈಗ ಓದುಗರಿಗೆ ಗೊತ್ತು.

ತಯಾರಿಸಿದವರ ಹೆಸರಿನ ಜಾಗದಲ್ಲಿ ‘ಅಜ್ಞಾತ ಕಲಾವಿದ’ ಎಂದಿರುವುದನ್ನೂ ಗಮನಿಸಬೇಕು. ಮಾಡಿದವರು ಊರಿನವರಿಗೆಲ್ಲ ಪರಿಚಿತರಾಗಿದ್ದಿರಬಹುದು; ಕೊಂಡವರು ಹೆಸರು ಕೇಳಿ ಬರೆದುಕೊಳ್ಳಲಿಲ್ಲ ಅಷ್ಟೇ. ಈಗ ಕೆಲವು ಕಡೆ ‘ಒಮ್ಮೆ ಗೊತ್ತಿದ್ದ ಕಲಾವಿದ’ ಎಂದು ಬರೆಯುವ ಪದ್ಧತಿ ಬಂದಿದೆ. ‘ಸಂಗ್ರಹಿಸಿದವರು’ ಎಂಬ ಸಾಲಿನಲ್ಲಿ ಸೇನಾಧಿಕಾರಿ, ಮಿಷನರಿ ಅಥವಾ ಆಡಳಿತಗಾರನ ಹೆಸರಿದ್ದರೆ ಆ ಸಂಗ್ರಹ ಯಾವ ಸಂದರ್ಭದಲ್ಲಿ ನಡೆಯಿತೆಂಬ ಸುಳಿವು ಅಲ್ಲೇ ಇರುತ್ತದೆ.

ಕಲೆಯೋ, ಕಾನೂನೋ, ನಕ್ಷೆಯೋ?

ಒಂದೇ ವಸ್ತುವನ್ನು ಕಪ್ಪು ಹಿನ್ನೆಲೆಯಲ್ಲಿ ಒಂಟಿಯಾಗಿ ನಿಲ್ಲಿಸಿ ಮೇಲಿನಿಂದ ಬೆಳಕು ಬಿಟ್ಟರೆ ಕಲಾಕೃತಿಯೆನಿಸುತ್ತದೆ. ಮನೆ, ಉಡುಪು, ಬಲೆಗಳ ನಡುವೆ ಇಟ್ಟರೆ ಜೀವನಕ್ರಮದ ಸಾಕ್ಷ್ಯವೆನಿಸುತ್ತದೆ. ಕೇ ಬ್ರಾನ್ಲಿ ತೆರೆದಾಗ ವಿಮರ್ಶಕರ ನಡುವೆ ವಾದವೆದ್ದದ್ದು ಈ ಆಯ್ಕೆಯ ಬಗೆಗೇ. ಮಾಡಿದವರ ದೃಷ್ಟಿಯಲ್ಲಿ ಅದು ಇವೆರಡನ್ನೂ ಮೀರಿದ್ದಿರಬಹುದು.

ಆಸ್ಟ್ರೇಲಿಯಾದ ಯಿರ್ಕಲಾದಲ್ಲಿ ಯೊಲ್ಂಗು ಜನರು 1963ರಲ್ಲಿ ತಮ್ಮ ನೆಲದಲ್ಲಿ ಬಾಕ್ಸೈಟ್ ಗಣಿಗಾರಿಕೆಯನ್ನು ವಿರೋಧಿಸಿ ಸಂಸತ್ತಿಗೆ ಮನವಿಪತ್ರ ಕಳುಹಿಸಿದರು. ತಮ್ಮ ಭಾಷೆಯಲ್ಲೂ ಇಂಗ್ಲಿಷಿನಲ್ಲೂ ಟೈಪ್ ಮಾಡಿದ ಆ ಹಾಳೆಗಳನ್ನು ಮರದ ತೊಗಟೆಗೆ ಅಂಟಿಸಿ, ಸುತ್ತಲೂ ತಮ್ಮ ಕುಲಗಳ ವಿನ್ಯಾಸಗಳನ್ನು ಬರೆದಿದ್ದರು. ಆ ವಿನ್ಯಾಸಗಳು ಅವರ ಪಾಲಿಗೆ ನೆಲದ ಹಕ್ಕನ್ನು ಸಾರುವ ಪುರಾವೆ. ಆ ಮನವಿಗಳು ಇಂದು ಕ್ಯಾನ್‌ಬೆರಾದ ಸಂಸತ್ ಭವನದಲ್ಲಿ ಪ್ರದರ್ಶನದಲ್ಲಿವೆ.

ಚುಕ್ಕಿಗಳಿಂದ ತುಂಬಿದ ಅಬೊರಿಜಿನಲ್ ಕ್ಯಾನ್ವಾಸುಗಳು ಎಲ್ಲರಿಗೂ ಪರಿಚಿತ. ಆ ನೆಲದ ಚಿತ್ರಪರಂಪರೆ ಬಹಳ ಹಳೆಯದಾದರೂ ಮರುಭೂಮಿಯ ಈ ಶೈಲಿ ಹಲಗೆ ಮತ್ತು ಕ್ಯಾನ್ವಾಸಿಗೆ ಬಂದದ್ದು ತೀರ ಈಚೆಗೆ, 1971ರ ಸುಮಾರಿಗೆ, ಮಧ್ಯ ಆಸ್ಟ್ರೇಲಿಯಾದ ಪಪುನ್ಯಾ ಎಂಬ ನೆಲೆಯಲ್ಲಿ. ಮರುವರ್ಷ ಅಲ್ಲಿನ ಕಲಾವಿದರು ತಮ್ಮದೇ ಕಂಪನಿ ಸ್ಥಾಪಿಸಿದರು. ಆರಂಭದ ಕೆಲವು ಚಿತ್ರಗಳಲ್ಲಿ ದೀಕ್ಷೆ ಪಡೆದವರಷ್ಟೇ ನೋಡಬೇಕಾದ ಸಂಗತಿಗಳು ಕಾಣಿಸಿಕೊಂಡವೆಂಬ ಆಕ್ಷೇಪ ಬಂದ ಮೇಲೆ, ಅವನ್ನು ಮರೆಮಾಡಲು ಚುಕ್ಕಿಗಳ ಹೊದಿಕೆ ದಟ್ಟವಾಯಿತು ಎಂಬುದು ವಿದ್ವಾಂಸರ ಒಂದು ವಿವರಣೆ. ಕ್ಯಾನ್ವಾಸಿನ ಮುಂದೆ ನಿಂತವರಿಗೆ ಎಲ್ಲವೂ ಅರ್ಥವಾಗದಿದ್ದರೆ ಅದು ಅವರ ಕೊರತೆಯೇ ಆಗಬೇಕಿಲ್ಲ.

ಮಬ್ಬುಬೆಳಕು, ಖಾಲಿ ಪೀಠ, ಎಚ್ಚರಿಕೆಯ ಸೂಚನೆ

ಕೋಣೆಗಳು ಕತ್ತಲಾಗಿರುವುದಕ್ಕೆ ನಾಟಕೀಯತೆಗಿಂತ ರಸಾಯನಶಾಸ್ತ್ರ ಕಾರಣ. ಗರಿ, ಬಟ್ಟೆ, ತೊಗಟೆ, ನೈಸರ್ಗಿಕ ಬಣ್ಣಗಳು ಬೆಳಕಿಗೆ ಮಾಸುತ್ತವೆ, ಮತ್ತು ಆ ಹಾನಿ ಕೂಡುತ್ತಲೇ ಹೋಗುತ್ತದೆ. ಒಮ್ಮೆ ಮಾಸಿದ್ದು ಮರಳುವುದಿಲ್ಲ. ಆದ್ದರಿಂದ ಇಂಥವುಗಳಿಗೆ ಲಕ್ಸ್ ಎಂಬ ಅಳತೆಯಲ್ಲಿ ಸುಮಾರು 50ರಷ್ಟು ಬೆಳಕಿನ ಮಿತಿ ಸಾಮಾನ್ಯ. ಹೊರಗಿನ ಬಿಸಿಲಿನಿಂದ ಬಂದವರು ಕಣ್ಣು ಹೊಂದಿಕೊಳ್ಳುವವರೆಗೆ ಕೆಲವು ನಿಮಿಷ ಸುಮ್ಮನೆ ನಿಲ್ಲುವುದು ಒಳ್ಳೆಯದು.

ಪೀಠ ಖಾಲಿಯಿರುವುದಕ್ಕೆ ಕಾರಣಗಳು ಬೇರೆ. ಅಮೆರಿಕದ ನ್ಯೂ ಮೆಕ್ಸಿಕೊದ ಜ಼ುನಿ ಜನರು ಅಹಯೂದಾ ಎಂಬ ಅವಳಿ ದೇವರ ಮರದ ವಿಗ್ರಹಗಳನ್ನು ಕೆತ್ತಿ ಬಯಲಿನ ಗುಡಿಗಳಲ್ಲಿ ಇಡುತ್ತಾರೆ. ಅವು ಗಾಳಿಮಳೆಗೆ ಸಿಕ್ಕಿ, ಕರಗಿ, ನೆಲಕ್ಕೆ ಸೇರಬೇಕು ಎಂಬುದೇ ಉದ್ದೇಶ. ಕೆಡದಂತೆ ಕಾಪಾಡುವ ಸಂಗ್ರಹಾಲಯದ ಕರ್ತವ್ಯಕ್ಕೂ ಕೆಡಲು ಬಿಡಬೇಕೆಂಬ ಜ಼ುನಿ ಕರ್ತವ್ಯಕ್ಕೂ ಇಲ್ಲಿ ನೇರ ವಿರೋಧವಿತ್ತು. ವಿಗ್ರಹಗಳು ಇಡೀ ಸಮುದಾಯದ ಸ್ವತ್ತು, ಯಾವೊಬ್ಬ ವ್ಯಕ್ತಿಗೂ ಅವನ್ನು ಮಾರುವ ಅಧಿಕಾರವಿರಲಿಲ್ಲ, ಆದ್ದರಿಂದ ಹೊರಗಿರುವುದೆಲ್ಲ ಕದ್ದದ್ದೇ ಎಂದು ವಾದಿಸಿದ ಜ಼ುನಿ ಮುಖಂಡರು 1978ರಿಂದ ಒಂದೊಂದಾಗಿ ಅವನ್ನು ಮರಳಿ ಪಡೆದು, ಕಾವಲಿನ ನಡುವೆ, ತೆರೆದ ಆಕಾಶದಡಿಯಲ್ಲೇ ಇಟ್ಟರು.

ಮಾನವ ಅವಶೇಷಗಳ ವಿಷಯದಲ್ಲಿ ಬದಲಾವಣೆ ಇನ್ನೂ ವೇಗವಾಗಿದೆ. ಪಿಟ್ ರಿವರ್ಸ್ ಸಂಗ್ರಹಾಲಯವು ದಕ್ಷಿಣ ಅಮೆರಿಕದ ಕುಗ್ಗಿಸಿದ ತಲೆಗಳನ್ನು 2020ರಲ್ಲಿ ಪ್ರದರ್ಶನದಿಂದ ತೆಗೆಯಿತು. ಹಚ್ಚೆಯುಳ್ಳ ಮಾವೊರಿ ತಲೆಗಳನ್ನು, ಅಂದರೆ ತೊಯ್ ಮೊಕೊಗಳನ್ನು, ಫ್ರಾನ್ಸ್ 2010ರಲ್ಲಿ ವಿಶೇಷ ಕಾನೂನು ಮಾಡಿ ಹಿಂದಿರುಗಿಸಿತು. ಅವನ್ನು ಪಡೆದ ವೆಲಿಂಗ್ಟನ್‌ನ ತೆ ಪಾಪಾ ಸಂಗ್ರಹಾಲಯ ಅವನ್ನು ಪ್ರದರ್ಶಿಸುವುದಿಲ್ಲ, ಪವಿತ್ರವೆಂದು ಮೀಸಲಿಟ್ಟ ಕೋಣೆಯಲ್ಲಿ ಇರಿಸುತ್ತದೆ. ಆಸ್ಟ್ರೇಲಿಯಾದಲ್ಲಿ ಪ್ರವೇಶದ್ವಾರದಲ್ಲೇ, ಒಳಗೆ ಮೃತರ ಚಿತ್ರ ಮತ್ತು ಹೆಸರುಗಳಿರಬಹುದೆಂಬ ಸೂಚನೆ ಕಾಣುತ್ತದೆ. ಹಲವು ಸಮುದಾಯಗಳಲ್ಲಿ ತೀರಿಹೋದವರ ಹೆಸರನ್ನು ಕೆಲಕಾಲ ಉಚ್ಚರಿಸುವುದಿಲ್ಲ.

ಹಿಂದಿರುಗಿಸುವುದು ಏಕೆ ನಿಧಾನ?

2007ರ ಸೆಪ್ಟೆಂಬರ್ 13ರಂದು ವಿಶ್ವಸಂಸ್ಥೆಯ ಮಹಾಸಭೆ ಅಂಗೀಕರಿಸಿದ ಮೂಲನಿವಾಸಿ ಹಕ್ಕುಗಳ ಘೋಷಣೆ, ಒಪ್ಪಿಗೆಯಿಲ್ಲದೆ ಒಯ್ದ ಸಾಂಸ್ಕೃತಿಕ ವಸ್ತುಗಳಿಗೆ ಪರಿಹಾರ ಸಿಗಬೇಕೆನ್ನುತ್ತದೆ. ಆದರೆ ಘೋಷಣೆಗೆ ಕಾನೂನಿನ ಬಲವಿಲ್ಲ; ನಿಜವಾದ ತೀರ್ಮಾನ ಆಗುವುದು ಆಯಾ ದೇಶದ ಶಾಸನಗಳಂತೆ. ಅಮೆರಿಕದಲ್ಲಿ 1990ರಿಂದಲೇ ಇದಕ್ಕೊಂದು ಕಾಯ್ದೆಯಿದೆ. ಬ್ರಿಟಿಷ್ ಮ್ಯೂಸಿಯಂ ತನ್ನ ವಸ್ತುಗಳನ್ನು ಕೈಬಿಡದಂತೆ 1963ರ ಕಾಯ್ದೆ ಬಹುಮಟ್ಟಿಗೆ ತಡೆಯುತ್ತದೆ. ಫ್ರಾನ್ಸಿನಲ್ಲಿ ಸಾರ್ವಜನಿಕ ಸಂಗ್ರಹದ ವಸ್ತುಗಳನ್ನು ಸಾಮಾನ್ಯವಾಗಿ ಪರಭಾರೆ ಮಾಡುವಂತಿಲ್ಲ. ಅಬೊಮಿಯ 26 ವಸ್ತುಗಳನ್ನು 2021ರಲ್ಲಿ ಮರಳಿಸಲು ಸಂಸತ್ತು ಅವುಗಳಿಗಾಗಿಯೇ ಕಾನೂನು ಮಾಡಬೇಕಾಯಿತು. ಜರ್ಮನಿ 2022ರಲ್ಲಿ ಸಾವಿರಕ್ಕೂ ಹೆಚ್ಚು ಬೆನಿನ್ ವಸ್ತುಗಳ ಒಡೆತನವನ್ನು ನೈಜೀರಿಯಾಕ್ಕೆ ವರ್ಗಾಯಿಸಲು ಒಪ್ಪಿತು. ಅವುಗಳಲ್ಲಿ ಕೆಲವು ಎರವಲಾಗಿ ಬರ್ಲಿನ್‌ನಲ್ಲೇ ಉಳಿದಿವೆ, ಆದ್ದರಿಂದ ಪೆಟ್ಟಿಗೆಯಲ್ಲಿ ವಸ್ತು ಕಂಡ ಮಾತ್ರಕ್ಕೆ ಒಡೆತನ ಯಾರದೆಂದು ಹೇಳಲಾಗದು.

ಯಾರಿಗೆ ಕೊಡಬೇಕೆಂಬುದೂ ಸರಳವಲ್ಲ. ಮರಳಿ ಬರುವ ಕಂಚುಗಳ ಒಡೆಯರು ಒಬಾ ಎಂದು 2023ರಲ್ಲಿ ನೈಜೀರಿಯಾದ ಅಧ್ಯಕ್ಷರು ಘೋಷಿಸಿದಾಗ, ರಾಷ್ಟ್ರೀಯ ಸಂಗ್ರಹಾಲಯಕ್ಕೆ ಕೊಡುತ್ತಿದ್ದೇವೆಂದು ಭಾವಿಸಿದ್ದ ಯುರೋಪಿನ ಸಂಸ್ಥೆಗಳು ಗೊಂದಲಕ್ಕೊಳಗಾದವು. ಇನ್ನೊಂದು ತೊಡಕು ವಿಷದ್ದು. ಹುಳು ಹಿಡಿಯದಂತೆ ಹಳೆಯ ಸಂಗ್ರಹಗಳಿಗೆ ಆರ್ಸೆನಿಕ್ ಮತ್ತು ಪಾದರಸದ ಲೇಪ ಹಚ್ಚುತ್ತಿದ್ದರು. ಮುಖವಾಡ ಊರಿಗೆ ಮರಳಿದರೂ ಅದನ್ನು ಧರಿಸಿ ಕುಣಿಯುವುದು ಅಪಾಯಕಾರಿಯಾಗಬಹುದು.

ಮರಳಿದ ಮೇಲೆ ಏನಾಗುತ್ತದೆ ಎಂಬುದಕ್ಕೆ ಒಂದೇ ಮಾದರಿಯಿಲ್ಲ. ಕೆನಡಾದ ಹೈಸ್ಲಾ ಜನರ ಗ್ಪ್ಸ್‌ಗೊಲಾಕ್ಸ್ ಎಂಬ ಕೆತ್ತನೆಯ ಮರದ ಕಂಬವನ್ನು 1929ರಲ್ಲಿ ಸ್ವೀಡನ್ನಿಗೆ ಸಾಗಿಸಲಾಗಿತ್ತು. 2006ರಲ್ಲಿ ಅದು ಮರಳಿತು. ಹೈಸ್ಲಾ ಶಿಲ್ಪಿಗಳು ಅದರ ಒಂದು ಪ್ರತಿಕೃತಿಯನ್ನು ಕೆತ್ತಿ ಸ್ಟಾಕ್‌ಹೋಮ್ ಸಂಗ್ರಹಾಲಯಕ್ಕೆ ಕೊಟ್ಟರು. ಅಲ್ಲಿ ಈಗ ನಿಂತಿರುವುದು ಆ ಹೊಸ ಕಂಬ. ಪಾಟ್‌ಲ್ಯಾಚ್ ಮುಖವಾಡಗಳಲ್ಲಿ ಬಹಳಷ್ಟು ಅಲರ್ಟ್ ಬೇ ಎಂಬಲ್ಲಿ 1980ರಲ್ಲಿ ತೆರೆದ ಉಮಿಸ್ತ ಸಾಂಸ್ಕೃತಿಕ ಕೇಂದ್ರಕ್ಕೆ ಬಂದವು. ಅಲ್ಲಿ ಅವುಗಳ ಮುಂದೆ ಗಾಜಿಲ್ಲ. ಅಷ್ಟು ವರ್ಷ ಬಂಧನದಲ್ಲಿದ್ದವನ್ನು ಮತ್ತೆ ಕೂಡಿಹಾಕುವುದು ಬೇಡವೆಂದು ಸಮುದಾಯ ನಿರ್ಧರಿಸಿತು.

ಭೇಟಿಯ ದಿನ

ಇಡೀ ಲೋಕವನ್ನು ಒಂದು ಮಧ್ಯಾಹ್ನದಲ್ಲಿ ನೋಡಿ ಮುಗಿಸುವ ಯೋಜನೆ ಫಲಿಸುವುದಿಲ್ಲ. ಬ್ರಿಟಿಷ್ ಮ್ಯೂಸಿಯಂನ ಸುಮಾರು 80 ಲಕ್ಷ ವಸ್ತುಗಳಲ್ಲಿ ಪ್ರದರ್ಶನದಲ್ಲಿರುವುದೇ ಶೇಕಡಾ 1ರಷ್ಟು, ಆ ಶೇಕಡಾ ಒಂದೂ ಒಬ್ಬರ ಅಳವಿಗೆ ಮೀರಿದ್ದು. ಒಂದು ಪ್ರದೇಶವನ್ನು ಆರಿಸಿಕೊಂಡು, ಅಲ್ಲಿ ಹತ್ತಿಪ್ಪತ್ತು ವಸ್ತುಗಳ ಮುಂದೆ ನಿಂತು ಓದುವುದು ಹೆಚ್ಚು ಉಪಯುಕ್ತ. ಬಹುತೇಕ ದೊಡ್ಡ ಸಂಗ್ರಹಾಲಯಗಳು ಸಂಗ್ರಹದ ಪಟ್ಟಿಯನ್ನು ಅಂತರಜಾಲದಲ್ಲಿ ತೆರೆದಿಟ್ಟಿವೆ. ನೋಂದಣಿ ಸಂಖ್ಯೆಯನ್ನು ಬರೆದುಕೊಂಡರೆ ಫಲಕದಲ್ಲಿಲ್ಲದ ವಿವರ ಅಲ್ಲಿ ಸಿಗಬಹುದು. ಛಾಯಾಚಿತ್ರದ ನಿಯಮ ಕೋಣೆಯಿಂದ ಕೋಣೆಗೆ ಬದಲಾಗಬಹುದು, ಫ್ಲ್ಯಾಶ್ ಸಾಮಾನ್ಯವಾಗಿ ನಿಷಿದ್ಧ. ಸಮುದಾಯದವರೇ ನಡೆಸುವ ವಿವರಣಾ ಸುತ್ತು ಇದ್ದರೆ ಅದಕ್ಕೆ ಮೊದಲೇ ಹೆಸರು ನೋಂದಾಯಿಸುವುದು ಲೇಸು.

ಹೊರಬರುವ ದಾರಿಯಲ್ಲಿ ಅಂಗಡಿ ಸಿಗುತ್ತದೆ. ಅಲ್ಲಿನ ವಸ್ತುವಿನ ಮೇಲೆ ಕಲಾವಿದರ ಮತ್ತು ಸಮುದಾಯದ ಹೆಸರಿದೆಯೇ, ಇಲ್ಲವೇ ಕೇವಲ ‘ಬುಡಕಟ್ಟು ವಿನ್ಯಾಸ’ ಎಂದಿದೆಯೇ ಎಂದು ನೋಡಬೇಕು. ಮೂಲನಿವಾಸಿಗಳು ತಯಾರಿಸದ ವಸ್ತುವನ್ನು ಅವರದೆಂದು ಮಾರುವುದು ಅಮೆರಿಕದಲ್ಲಿ 1990ರ ಇನ್ನೊಂದು ಕಾಯ್ದೆಯ ಪ್ರಕಾರ ಅಪರಾಧ. ಆಸ್ಟ್ರೇಲಿಯಾದಲ್ಲಿ 2010ರಿಂದ, ಕಲಾಕೃತಿ ವ್ಯಾಪಾರಿಗಳ ಮೂಲಕ 1,000 ಆಸ್ಟ್ರೇಲಿಯನ್ ಡಾಲರ್ ಅಥವಾ ಅದಕ್ಕೂ ಹೆಚ್ಚಿನ ಬೆಲೆಗೆ ಮರುಮಾರಾಟವಾದಾಗ, ನಿಗದಿತ ಷರತ್ತುಗಳಿಗೊಳಪಟ್ಟು, ಬೆಲೆಯ ಶೇಕಡಾ 5ರಷ್ಟು ಅದನ್ನು ಮಾಡಿದವರಿಗೆ ಅಥವಾ ಅವರ ವಾರಸುದಾರರಿಗೆ ಸಲ್ಲುತ್ತದೆ.